ಪ್ರೇಮ, ಶೋಧನೆ, ವಿಮೋಚನೆ: ಕ್ರೈಸ್ತ ಐತಿಹಾಸಿಕ ಪ್ರೇಮ ಕಾದಂಬರಿ ಬರೆಯುವ ಬಗೆ

ಪ್ರೇಮ, ಶೋಧನೆ (ಪಾಪಕ್ಕೆ ಎಳೆಯುವ ಪ್ರಲೋಭನೆ), ವಿಮೋಚನೆ ಮೂರೂ ಇರುವ ಕ್ರೈಸ್ತ ಐತಿಹಾಸಿಕ ಕಥೆ ಬರೆಯಲು ಹೊರಟವರ ಕರಡುಗಳು ಸಾಮಾನ್ಯವಾಗಿ ಒಂದೇ ಕಡೆ ಮುಗ್ಗರಿಸುತ್ತವೆ. ನಾಯಕ ದಾರಿ ತಪ್ಪುತ್ತಾನೆ, ನಾಯಕಿ ಕಣ್ಣೀರಿಡುತ್ತಾಳೆ, ಗುಡುಗು ಮಳೆಯ ರಾತ್ರಿ ಅವನು ಯಾರೂ ಇಲ್ಲದ ಚರ್ಚಿನಲ್ಲಿ ಮೊಣಕಾಲೂರುತ್ತಾನೆ, ಮುಂದಿನ ಅಧ್ಯಾಯದಲ್ಲಿ ಮದುವೆ. ಎಲ್ಲವೂ ಇದ್ದಲ್ಲೇ ಇದೆ, ಆದರೂ ಓದಿದವರಿಗೆ ನಂಬಿಕೆ ಹುಟ್ಟುವುದಿಲ್ಲ. ಅಷ್ಟೆಲ್ಲ ನಡೆದರೂ ಯಾರ ಕೈಯಿಂದಲೂ ಬಿಡಿಕಾಸು ಬಿಟ್ಟುಹೋಗಿಲ್ಲವಲ್ಲ!

ಸತ್ಯವೇದ (ಬೈಬಲ್) ಈ ವಿಷಯದಲ್ಲಿ ಬಹಳ ಬಿಗಿ. ಹೋಶೇಯನ ಗ್ರಂಥದ 3ನೇ ಅಧ್ಯಾಯದಲ್ಲಿ ಪ್ರವಾದಿ ಹಾದರಕ್ಕೆ ಬಿದ್ದ ಹೆಂಗಸನ್ನು ಕೊಂಡು ತರುವಾಗ ಲೆಕ್ಕ ಬರೆದಿಟ್ಟಿದೆ: 15 ಶೆಕೆಲ್ ಬೆಳ್ಳಿ, ಒಂದೂವರೆ ಹೋಮೆರ್ ಜವೆಗೋದಿ. ಪ್ರೀತಿಯ ಮಾತಿನ ನಡುವೆ ಧಾನ್ಯದ ಅಳತೆ ಬಂದು ಕೂತಿದೆ. ಕೈಯಲ್ಲಿದ್ದ ಬೆಳ್ಳಿ ಸಾಲದೆ ಕಣಜಕ್ಕೂ ಕೈಹಾಕಿದನೇನೋ ಎಂದು ಓದಿಕೊಂಡರೆ ಆ ಮನುಷ್ಯ ಕಣ್ಣ ಮುಂದೆ ಬಂದು ನಿಲ್ಲುತ್ತಾನೆ. ಕಾದಂಬರಿಯ ಪ್ರತಿ ಹಂತದಲ್ಲೂ ಕೇಳಿಕೊಳ್ಳಬೇಕಾದದ್ದು ಇದನ್ನೇ: ಇದರ ಬೆಲೆ ತೆರುವವರು ಯಾರು, ಎಷ್ಟು?

ಮೊದಲು ಕಾಲ, ಅದಕ್ಕೂ ಮೊದಲು ಮದುವೆಯ ಕಾನೂನು

ಹೊಸಬರು ಕಾಲವನ್ನು ಉಡುಪು ನೋಡಿ ಆರಿಸುತ್ತಾರೆ. ನೆರಿಗೆಯ ಗೌನು, ಕುದುರೆ ಸಾರೋಟು, ಮೇಣದಬತ್ತಿಯ ಬೆಳಕು ಎಲ್ಲವೂ ಚೆಂದವೇ. ಆದರೆ ಪ್ರೇಮಕಥೆಗೆ ಬೆನ್ನೆಲುಬು ಬೇಕಲ್ಲ? ಅದು ಇಬ್ಬರೂ ಒಂದಾಗದಂತೆ ತಡೆಯುವ ಸಂಗತಿ. ಹಳೆಯ ಕಾಲದಲ್ಲಿ ಆ ತಡೆ ಮನಸ್ಸಿನೊಳಗೆ ಇದ್ದುದಕ್ಕಿಂತ ಹೆಚ್ಚಾಗಿ ಕಾನೂನಿನಲ್ಲಿ, ಸಭೆಯ (ಚರ್ಚಿನ) ಕಟ್ಟಳೆಯಲ್ಲಿ ಇತ್ತು. ಹಾಗಾಗಿ ನೀವು ಆರಿಸಿಕೊಂಡ ಊರಲ್ಲಿ, ಆ ವರ್ಷ, ಮದುವೆ ಎಂಬುದು ಹೇಗೆ ಆಗುತ್ತಿತ್ತು, ಹೇಗೆ ಮುರಿಯುತ್ತಿತ್ತು ಎಂಬುದನ್ನು ಮೊದಲು ತಿಳಿದುಕೊಳ್ಳಿ.

ಎಷ್ಟು ವ್ಯತ್ಯಾಸ ಇದೆ ನೋಡಿ. ಪಶ್ಚಿಮ ಯೂರೋಪಿನ ಕಥೋಲಿಕ ಸಭೆಯಲ್ಲಿ 1563ರ ತನಕ ಇಬ್ಬರು ಪರಸ್ಪರ ಒಪ್ಪಿ ಮಾತು ಕೊಟ್ಟರೆ ಸಾಕು, ಪಾದ್ರಿ ಇಲ್ಲದಿದ್ದರೂ ಮದುವೆ ಊರ್ಜಿತ. ಆ ವರ್ಷ ಟ್ರೆಂಟ್ ಮಹಾಸಭೆ ಪಾದ್ರಿಯೂ ಸಾಕ್ಷಿಗಳೂ ಇರಲೇಬೇಕೆಂದು ಕಟ್ಟು ಮಾಡಿತು. ಎಂದರೆ 1500ರ ಹುಡುಗ ಹಿತ್ತಲ ಬಾಗಿಲಲ್ಲಿ ನಿಂತು ಆಡಿದ ಎರಡು ಮಾತು ಜೀವನಪರ್ಯಂತ ಕಟ್ಟಿಹಾಕಬಹುದು. ಅವನು 'ಹಾಗೆ ಹೇಳಿಯೇ ಇಲ್ಲ' ಎಂದುಬಿಟ್ಟರೆ ಅವಳ ಗತಿ ಏನು? ಇಡೀ ಕಾದಂಬರಿ ಆ ಹಿತ್ತಲ ಬಾಗಿಲಲ್ಲಿದೆ.

ಕ್ವೇಕರರೆಂಬ ಪ್ರಾಟೆಸ್ಟಂಟ್ ಪಂಗಡದವರ ನಡುವೆ ಪಾದ್ರಿಯೇ ಇಲ್ಲ. ವಧೂವರರು ಕೂಟದ ಮುಂದೆ ಎದ್ದು ನಿಂತು ತಾವೇ ಮಾತು ಕೊಡುತ್ತಾರೆ, ನೆರೆದವರು ಪತ್ರಕ್ಕೆ ಸಹಿ ಹಾಕುತ್ತಾರೆ. ಹೊರಗಿನವರನ್ನು ಮದುವೆಯಾದವರನ್ನು ಆ ಕೂಟ ಸದಸ್ಯತ್ವದಿಂದ ತೆಗೆದುಹಾಕುತ್ತಿತ್ತು. ಇಂಗ್ಲೆಂಡಿನಲ್ಲಿ 1857ರ ಕಾನೂನು ಬರುವ ತನಕ ವಿಚ್ಛೇದನ ಪಡೆದು ಮರುಮದುವೆಯಾಗಲು ಪಾರ್ಲಿಮೆಂಟಿನಲ್ಲಿ ಪ್ರತ್ಯೇಕ ಮಸೂದೆ ಪಾಸಾಗಬೇಕಿತ್ತು, ಅದು ಸಿರಿವಂತರಿಗಷ್ಟೇ ಎಟುಕುವ ದಾರಿ. 1820ರ ಬಡ ನಾಯಕಿ 'ವಿಚ್ಛೇದನ ತೆಗೆದುಕೊಂಡು ಬಂದೆ' ಎಂದರೆ ಕಥೆ ಅಲ್ಲಿಗೇ ಕುಸಿಯಿತು.

ಸನ್ಯಾಸ ಬಿಟ್ಟು ಬಂದವರ ಪ್ರೇಮ ಬೇಕೆಂದರೆ 16ನೇ ಶತಮಾನದ ಜರ್ಮನಿ ಇದೆ. 1523ರ ಈಸ್ಟರ್ ಹೊತ್ತಿಗೆ ನಿಂಬ್‌ಶೆನ್ ಮಠದಿಂದ ಕಥರಿನಾ ಫಾನ್ ಬೋರಾ ಮತ್ತು ಜೊತೆಯ ಸನ್ಯಾಸಿನಿಯರು ತಪ್ಪಿಸಿಕೊಂಡದ್ದು ಮಠಕ್ಕೆ ಮೀನು ತಂದುಕೊಡುತ್ತಿದ್ದ ವರ್ತಕನೊಬ್ಬನ ಬಂಡಿಯಲ್ಲಿ. 1525ರ ಜೂನ್‌ನಲ್ಲಿ ಆಕೆ ಧರ್ಮಸುಧಾರಕ ಮಾರ್ಟಿನ್ ಲೂಥರನನ್ನು ಮದುವೆಯಾದಳು. ಓಡಿಬಂದ ಉಳಿದವರಲ್ಲಿ ಯಾರನ್ನು ತವರು ಮರಳಿ ಸೇರಿಸಿಕೊಂಡಿತು, ಯಾರಿಗೆ ಬಾಗಿಲು ಹಾಕಿತು ಎಂದು ಊಹಿಸಲು ಹೊರಟರೆ ಕಥೆಗಾರರಿಗೆ ಸಾಕಷ್ಟು ಜಾಗ ಸಿಗುತ್ತದೆ. ಪ್ರಸಿದ್ಧರ ಪಕ್ಕದಲ್ಲಿ ನಿಂತಿದ್ದ ಅಪ್ರಸಿದ್ಧರನ್ನು ನಾಯಕಿಯಾಗಿಸಿ ಎನ್ನುವುದು ನನ್ನ ಸಲಹೆ. ಲೂಥರನಂಥವರ ಬಾಯಲ್ಲಿ ಪ್ರೇಮದ ಮಾತು ಹಾಕುವುದು ಕಷ್ಟ, ಹಾಕಿದರೂ ಓದುಗರು ಅನುಮಾನದಿಂದಲೇ ನೋಡುತ್ತಾರೆ.

ಇಸವಿಯ ಜೊತೆಗೆ ತಿಂಗಳನ್ನೂ ಗೊತ್ತುಮಾಡಿಕೊಳ್ಳಿ. 'ಹದಿನೆಂಟನೇ ಶತಮಾನದ ಒಂದು ದಿನ' ಎಂದು ಶುರುಮಾಡುವ ಕಾದಂಬರಿಯ ಲೇಖಕರು ಹೋಮ್‌ವರ್ಕ್ ಮಾಡಿಲ್ಲ ಎಂದೇ ಅರ್ಥ. ಇಂಗ್ಲೆಂಡಿನಲ್ಲಿ ಕ್ಯಾಲೆಂಡರ್ ಬದಲಾಯಿಸಿದ್ದರಿಂದ 1752ರ ಸೆಪ್ಟೆಂಬರ್ 2ರ ಮರುದಿನ ಸೆಪ್ಟೆಂಬರ್ 14. ಅದಕ್ಕೂ ಹಿಂದೆ ಅಲ್ಲಿ ಕಾನೂನಿನ ಹೊಸ ವರ್ಷ ಮಾರ್ಚ್ 25ಕ್ಕೆ ಶುರುವಾಗುತ್ತಿತ್ತು. ಆ ತಿಂಗಳುಗಳಲ್ಲಿ ಪತ್ರವ್ಯವಹಾರ ಇಟ್ಟುಕೊಂಡಿದ್ದರೆ ತಾರೀಖುಗಳನ್ನು ಎರಡು ಸಲ ನೋಡಿಕೊಳ್ಳಿ.

ಅವರ ಭಕ್ತಿ ಯಾವ ಸಭೆಯದು?

'ಕ್ರೈಸ್ತ' ಎಂದು ಬರೆದು ಬಿಟ್ಟರೆ ಸಾಲದು. ಪಾಪ ಮಾಡಿದ ಮನುಷ್ಯ ಎಲ್ಲಿಗೆ ಹೋಗುತ್ತಾನೆ, ಯಾರಿಗೆ ಹೇಳುತ್ತಾನೆ ಎಂಬುದು ಅವನ ಸಭೆಯನ್ನು ಅವಲಂಬಿಸಿದೆ, ಕಥೆಯ ತಿರುವೂ ಅದನ್ನೇ ಅವಲಂಬಿಸಿದೆ.

ಕಥೋಲಿಕ ನಾಯಕನಿಗೆ ಪಾಪನಿವೇದನೆಯ ಸಂಸ್ಕಾರ ಇದೆ. 1215ರ ನಾಲ್ಕನೇ ಲ್ಯಾಟರನ್ ಮಹಾಸಭೆ ವರ್ಷಕ್ಕೊಮ್ಮೆಯಾದರೂ ನಿವೇದನೆ ಮಾಡಬೇಕೆಂದೂ ಕೇಳಿದ್ದನ್ನು ಪಾದ್ರಿ ಹೊರಗೆ ಬಿಡಬಾರದೆಂದೂ ವಿಧಿಸಿತು. ಹಾಗಾಗಿ ಊರಲ್ಲಿ ಒಬ್ಬರಿಗೆ ನಿಜ ಗೊತ್ತಿದೆ, ಅವರು ಬಾಯಿ ಬಿಡುವಂತಿಲ್ಲ. ನಾಯಕಿ ಬಂದು ಅದೇ ಪಾದ್ರಿಯ ಬಳಿ 'ಇವನನ್ನು ನಂಬಬಹುದೇ ಫಾದರ್?' ಎಂದು ಕೇಳಿದರೆ? ಅಂದಹಾಗೆ, ಮಧ್ಯಯುಗದ ಕಥೆಯಲ್ಲಿ ಜಾಲರಿ ಇರುವ ಮರದ ಪೆಟ್ಟಿಗೆಯೊಳಗೆ ನಿವೇದನೆ ಮಾಡಿಸಬೇಡಿ. ಅದು 16ನೇ ಶತಮಾನದಲ್ಲಿ ಮಿಲಾನಿನ ಆರ್ಚ್‌ಬಿಷಪ್ ಕಾರ್ಲೊ ಬೊರೊಮಿಯೊ ಕಾಲದಿಂದ ಬಳಕೆಗೆ ಬಂದದ್ದು. ಅದಕ್ಕೆ ಮುಂಚೆ ಜನ ಚರ್ಚಿನೊಳಗೆ ಎಲ್ಲರಿಗೂ ಕಾಣುವಂತೆ ಪಾದ್ರಿಯ ಪಕ್ಕ ಮೊಣಕಾಲೂರುತ್ತಿದ್ದರು. ಕಥೆಗಾರರಿಗೆ ಅದೇ ಲಾಭ: ಅವನು ಎಷ್ಟು ಹೊತ್ತು ಮೊಣಕಾಲೂರಿದ್ದ ಎಂಬುದನ್ನು ಸಾಲಿನಲ್ಲಿ ನಿಂತವರು ಲೆಕ್ಕ ಹಾಕಬಹುದು.

18ನೇ ಶತಮಾನದ ಮೆಥೊಡಿಸ್ಟರಲ್ಲಿ ನೋಟ ಬೇರೆ. ಸುಮಾರು ಹನ್ನೆರಡು ಮಂದಿಯ ಗುಂಪು ವಾರಕ್ಕೊಮ್ಮೆ ಸೇರುತ್ತದೆ, ಗುಂಪಿನ ನಾಯಕ ಒಬ್ಬೊಬ್ಬರನ್ನೂ 'ನಿನ್ನ ಆತ್ಮದ ಸ್ಥಿತಿ ಹೇಗಿದೆ?' ಎಂದು ಕೇಳುತ್ತಾನೆ. ಮೂರು ತಿಂಗಳಿಗೊಮ್ಮೆ ಸದಸ್ಯತ್ವದ ಚೀಟಿ ಹೊಸದಾಗಿ ಕೊಡುತ್ತಾರೆ, ನಡತೆ ಸರಿಯಿಲ್ಲದವರಿಗೆ ಚೀಟಿ ಇಲ್ಲ. ಗುಟ್ಟು ಇಟ್ಟುಕೊಂಡವನು ಆ ಬೆಂಚಿನ ಮೇಲೆ ತನ್ನ ಸರದಿ ಬರುವುದನ್ನು ಕಾಯುತ್ತ ಕೂರುವ ದೃಶ್ಯಕ್ಕೆ ಗುಡುಗು ಮಳೆಯ ಅಗತ್ಯವೇ ಇಲ್ಲ.

ಸತ್ಯವೇದ ಕೈಯಲ್ಲಿ ಹಿಡಿದ ನಾಯಕಿಯನ್ನು ಬರೆಯುವ ಮುನ್ನ ಆ ಪುಸ್ತಕ ಅವಳಿಗೆ ಸಿಗುವುದು ಸಾಧ್ಯವಿತ್ತೇ ನೋಡಿ. ವಿಲಿಯಂ ಟಿಂಡೇಲ್ ಭಾಷಾಂತರಿಸಿದ ಇಂಗ್ಲಿಷ್ ಹೊಸ ಒಡಂಬಡಿಕೆ ಅಚ್ಚಾದದ್ದು 1526ರಲ್ಲಿ, ಅದೂ ಇಂಗ್ಲೆಂಡಿನ ಹೊರಗೆ. ಸಿಕ್ಕ ಪ್ರತಿಗಳನ್ನು ಅಧಿಕಾರಿಗಳು ಸುಟ್ಟರು. 1400ರ ಹಳ್ಳಿಯ ಹುಡುಗಿಗೆ ವಚನಗಳು ಗೊತ್ತಿರುವುದು ಕಿವಿಯಿಂದ, ಗೋಡೆಯ ಚಿತ್ರಗಳಿಂದ. ಅವಳು ದಾವೀದನ ಕೀರ್ತನೆಯನ್ನು ಅರ್ಧ ತಪ್ಪಾಗಿ ನೆನಪಿಟ್ಟುಕೊಂಡಿರಲಿ. ಸರಿಯಾಗಿ ಉದ್ಧರಿಸುವ ಪಾತ್ರಕ್ಕಿಂತ ಆ ತಪ್ಪು ನೆನಪು ಹೆಚ್ಚು ಜೀವಂತ.

ಶೋಧನೆ ಪ್ರೀತಿಯ ಮನೆಯಿಂದಲೇ ಬರಲಿ

ಈ ಹಂತಕ್ಕೆ ಉಳಿದ ಎಲ್ಲಕ್ಕಿಂತ ಹೆಚ್ಚು ಹೊತ್ತು ಕೊಡಿ.

ಕೆಟ್ಟ ನಗೆಯ ಚೆಲುವೆ, ಮದ್ಯದ ಬಟ್ಟಲು, ಜೂಜಿನ ಮೇಜು ಇವೆಲ್ಲ ಶೋಧನೆಯ ಬೊಂಬೆಗಳು. ಓದುಗರಿಗೆ ಮೊದಲ ನೋಟಕ್ಕೇ ಗೊತ್ತಾಗುತ್ತದೆ ಇದು ಕೆಟ್ಟದ್ದೆಂದು, ನಾಯಕನಿಗೆ ಮಾತ್ರ ಗೊತ್ತಾಗುವುದಿಲ್ಲ, ಆಗ ಅವನು ಪೆದ್ದನಂತೆ ಕಾಣುತ್ತಾನೆ. ಯಾಕೋಬನ ಪತ್ರಿಕೆಯ 1ನೇ ಅಧ್ಯಾಯ ಶೋಧನೆಯನ್ನು ಹೊರಗೆ ಇಡುವುದಿಲ್ಲ. ಒಬ್ಬನನ್ನು ಎಳೆದೊಯ್ಯುವುದು ಅವನದೇ ಆಶೆ, ಆಶೆ ಬಸುರಾಗಿ ಪಾಪವನ್ನು ಹೆರುತ್ತದೆ ಎನ್ನುತ್ತದೆ. ಈ ಬಸಿರಿನ ಅವಧಿಯೇ ನಿಮ್ಮ ಕಾದಂಬರಿಯ ನಡುಭಾಗ. ಅಲ್ಲಿ ಅವಸರ ಬೇಡ.

ಶೋಧನೆ ನಿಜವಾಗಿ ಕಚ್ಚಬೇಕಾದರೆ ಅದು ನಾಯಕನ ಒಳ್ಳೆಯತನದಿಂದಲೇ ಹುಟ್ಟಬೇಕು. ಪ್ರೀತಿಸಿದವಳಿಗಾಗಿ, ತಾಯಿಗಾಗಿ, ಸಭೆಯ ಒಳಿತಿಗಾಗಿ. ಒಂದು ಕಥೆಯನ್ನು ಇಲ್ಲೇ ಕಟ್ಟಿ ನೋಡೋಣ.

ಇಂಗ್ಲೆಂಡ್, 1754. ಹಾರ್ಡ್‌ವಿಕ್‌ರ ಮದುವೆ ಕಾನೂನು ಆ ವರ್ಷ ಮಾರ್ಚ್ 25ರಂದು ಜಾರಿಗೆ ಬಂತು. ಅಲ್ಲಿಯ ತನಕ ಗುಟ್ಟಾಗಿ ಯಾವನೋ ಪಾದ್ರಿಯನ್ನು ಹಿಡಿದು ಆದ ಮದುವೆಯೂ ನಡೆಯುತ್ತಿತ್ತು. ಆಮೇಲೆ ಮೂರು ಭಾನುವಾರ ಚರ್ಚಿನಲ್ಲಿ ಪ್ರಕಟಣೆ ಓದಿಸಬೇಕು, ಇಲ್ಲವೇ ಲೈಸೆನ್ಸ್ ತರಬೇಕು. 21 ತುಂಬದವರು ಲೈಸೆನ್ಸಿನ ಮೇಲೆ ಮದುವೆಯಾಗಲು ತಂದೆಯ ಒಪ್ಪಿಗೆ ಬೇಕು. ಮದುವೆ ರಿಜಿಸ್ಟರಿನ ಪುಟಗಳಿಗೆ ಗೆರೆ, ಕ್ರಮಸಂಖ್ಯೆ ಹಾಕಿರಬೇಕು, ವಧೂವರರು, ಪಾದ್ರಿ, ಇಬ್ಬರು ಸಾಕ್ಷಿಗಳು ಸಹಿ ಮಾಡಬೇಕು. ರಿಜಿಸ್ಟರಿನಲ್ಲಿ ಬೇಕೆಂದೇ ಸುಳ್ಳು ನಮೂದು ಮಾಡಿದವನಿಗೆ ಗಲ್ಲು.

ಈಗ ಥಾಮಸ್ ಎಂಬ ಹುಡುಗನನ್ನು ತನ್ನಿ. ಊರ ಚರ್ಚಿನ ಗುಮಾಸ್ತನ ಕೈಕೆಳಗಿನವನು, ಅಕ್ಷರ ದುಂಡಗೆ. ಎಸ್ತರ್ ಎಂಬವಳನ್ನು ಮದುವೆಯಾಗಬೇಕು, ಆದರೆ ಬಾಡಿಗೆಗೆ ಒಂದು ಕೋಣೆ ಹಿಡಿಯಲೂ ಗತಿಯಿಲ್ಲ. ಸಾಲದಲ್ಲಿ ಮುಳುಗಿದ ಸಿರಿವಂತನೊಬ್ಬ ಬರುತ್ತಾನೆ. ಈಚೆಗೆ ತೀರಿಕೊಂಡ ಹೆಣ್ಣುಮಗಳೊಬ್ಬಳು ತನ್ನನ್ನು ಜನವರಿಯಲ್ಲಿ ಗುಟ್ಟಾಗಿ ಮದುವೆಯಾಗಿದ್ದಳೆಂದು ಅವನು ತೋರಿಸಬೇಕಾಗಿದೆ. ಹೆಂಡತಿಯ ಹಣ, ಒಡವೆ ಗಂಡನದಾಗುತ್ತಿದ್ದ ಕಾಲ ಅದು. ಹೊಸ ರಿಜಿಸ್ಟರಿನಲ್ಲಿ ಕೈಯಾಡಿಸಲು ಜಾಗವಿಲ್ಲ, ಎಲ್ಲ ಸಾಲಿಗೂ ಸಂಖ್ಯೆ. ಹಳೆಯ ಪುಸ್ತಕದಲ್ಲಿ ಜನವರಿಯ ಪುಟದ ಕೆಳಗೆ ಎರಡು ಬೆರಳಿನಷ್ಟು ಖಾಲಿ ಇದೆ. ಒಂದೇ ಒಂದು ಸಾಲು ಬರೆದುಬಿಟ್ಟರೆ ಥಾಮಸನಿಗೆ ಮನೆ ಹೂಡುವಷ್ಟು ಹಣ. ಸತ್ತವಳಿಗೆ ನಷ್ಟವೇನು?

ಸತ್ತವಳಿಗೆ ನಷ್ಟವಿಲ್ಲ, ಆದರೆ ಲೂಸಿ ಎಂಬ ತಂಗಿ ಇದ್ದಾಳೆ. ಆ ಹಣವೇ ಅವಳಿಗೆ ಆಧಾರ. ಬೆಲೆ ತೆರುವವರು ಯಾರೆಂಬ ಪ್ರಶ್ನೆಗೆ ಉತ್ತರ ಸಿಕ್ಕಿತು. ಲೂಸಿಯನ್ನು ಎರಡನೇ ಅಧ್ಯಾಯದಲ್ಲೇ ಓದುಗರಿಗೆ ಪರಿಚಯ ಮಾಡಿಸಿ, ಆಕೆಯ ಮುಖ ಇಲ್ಲದಿದ್ದರೆ ಪಾಪಕ್ಕೂ ಮುಖ ಇರುವುದಿಲ್ಲ.

ಆ ಸಾಲು ಬರೆಯುವ ರಾತ್ರಿಯನ್ನು ಹತ್ತಿರದಿಂದ ತೋರಿಸಿ. ಆ ಕಾಲದ ಮಾಚಿಕಾಯಿಯ ಶಾಯಿ ಬರೆದ ಗಳಿಗೆಯಲ್ಲಿ ತೆಳುವಾಗಿ ಕಂಡು, ಗಾಳಿ ತಾಕುತ್ತ ಹೋದಂತೆ ಕಪ್ಪಾಗುತ್ತಿತ್ತು. ಈ ಒಂದು ಸಂಗತಿ ಸಾಕು:

'ಬರೆದು ಮುಗಿಸಿದ. ಮೇಲಿನ ಸಾಲುಗಳೆಲ್ಲ ಕಾಡಿಗೆಯಂತೆ ಕಪ್ಪು, ಅವನದು ಮಾತ್ರ ಮಳೆನೀರಿನಂತೆ ತೆಳು. ಊದಿದ. ಬತ್ತಿ ಹತ್ತಿರ ತಂದು ನೋಡಿದ. ಕಪ್ಪಾಗಲು ಹೊತ್ತು ಹಿಡಿಯುತ್ತದೆ ಎಂದು ಗೊತ್ತಿದ್ದೂ ಎದ್ದು ಹೋಗಲು ಆಗಲಿಲ್ಲ. ಎಸ್ತರಳ ಹೆಸರು ಬಾಯಿಗೆ ಬಂತು, ಪ್ರಾರ್ಥನೆ ಬರಲಿಲ್ಲ.'

ಇಲ್ಲಿ ಪಾಪಪ್ರಜ್ಞೆ ಎಂಬ ಪದವನ್ನು ಬಳಸಿಲ್ಲ, ಬಳಸುವ ಅಗತ್ಯವೂ ಇಲ್ಲ. ಶಾಯಿ ಎಷ್ಟು ಹೊತ್ತಿಗೆ ಕಪ್ಪಾಗುತ್ತದೆ ಎಂಬ ಆತಂಕವೇ ಅದನ್ನು ಹೊತ್ತಿದೆ. ನಿಮ್ಮ ಕಾಲದ ಒಂದು ವಸ್ತು ಹೇಗೆ ಕೆಲಸ ಮಾಡುತ್ತಿತ್ತು ಎಂಬುದನ್ನು ಚೆನ್ನಾಗಿ ತಿಳಿದುಕೊಂಡರೆ ಅದು ಹತ್ತು ಪುಟ ಮನೋವ್ಯಾಪಾರದ ಕೆಲಸ ಮಾಡಿಕೊಡುತ್ತದೆ.

ಇನ್ನೊಂದು ಮಾತು. ಲೂಕನ ಸುವಾರ್ತೆಯ 4ನೇ ಅಧ್ಯಾಯದಲ್ಲಿ ಸೈತಾನ ಯೇಸುವನ್ನು ಶೋಧಿಸಿ ಸೋತ ಮೇಲೂ ತಕ್ಕ ಸಮಯ ಬರುವ ತನಕ ಮಾತ್ರ ಬಿಟ್ಟುಹೋಗುತ್ತಾನೆ. ನಿಮ್ಮ ಕಥೆಯಲ್ಲೂ ಶೋಧನೆ ಒಂದೇ ಸಲ ಬಂದು ಹೋಗಬಾರದು. ಮೊದಲ ಸಲ ಹಣಕ್ಕಾಗಿ ಬರಲಿ, ಎರಡನೇ ಸಲ ಸುಮ್ಮನಿರುವುದಕ್ಕಾಗಿ ಬರಲಿ. ಎರಡನೆಯದೇ ಬಲವಾದದ್ದು, ಏಕೆಂದರೆ ಈಗ ಎಸ್ತರ್ ಬಸುರಿ, ಬಾಯಿ ಬಿಟ್ಟರೆ ಕಾದಿರುವುದು ಹಗ್ಗ.

ಪ್ರೀತಿಸಿದವಳು ರಕ್ಷಕಿಯಲ್ಲ

ಈ ಪ್ರಕಾರದ ದೊಡ್ಡ ಬಲೆ ಇದು. ಒಳ್ಳೆಯ ಹುಡುಗಿಯ ಪ್ರೀತಿ ಕೆಟ್ಟ ಹುಡುಗನನ್ನು ತಿದ್ದಿತು ಎಂದು ಬರೆದರೆ ಅದು ಪ್ರೇಮಕಥೆಯಾದೀತು, ಕ್ರೈಸ್ತ ವಿಮೋಚನೆಯ ಕಥೆಯಾಗದು. ಅವನ ಪಶ್ಚಾತ್ತಾಪಕ್ಕೆ ಅವಳೇ ಕಾರಣ, ಅವಳೇ ಬಹುಮಾನ ಎಂದಾದರೆ ದೇವರಿಗೆ ಕೆಲಸವೇನು? ಅವಳಿಗೂ ಅನ್ಯಾಯ, ತನ್ನದೇ ಪಾಪ, ತನ್ನದೇ ಹುಡುಕಾಟ ಇಲ್ಲದ ಗೊಂಬೆಯಾಗಿಬಿಡುತ್ತಾಳೆ.

ಬರೆಯುವಾಗ ಎರಡು ಎಳೆಗಳನ್ನು ಬೇರೆ ಬೇರೆ ಹಾಳೆಯ ಮೇಲೆ ಇಳಿಸಿಕೊಳ್ಳಿ: ಅವರಿಬ್ಬರ ನಡುವಿನದು ಒಂದು, ಅವನಿಗೂ ದೇವರಿಗೂ ನಡುವಿನದು ಇನ್ನೊಂದು. ಎಸ್ತರಳಿಗೆ ಮೂರನೆಯದು ಬೇಕು. ಅವಳ ಶೋಧನೆ ಏನು? ತಾನು ಸರಿಯಾಗಿದ್ದೇನೆಂಬ ಹೆಮ್ಮೆ ಇರಬಹುದು. ಗಂಡನ ಗುಟ್ಟು ಗೊತ್ತಾದ ಮೇಲೆ ಬೇಕೆಂದೇ ಕೇಳದಿರುವುದೂ ಇರಬಹುದು. ಆ ಹಣದಲ್ಲಿ ಹಿಡಿದ ಮನೆಯಲ್ಲಿ ಅವಳೂ ಬೆಂಕಿ ಕಾಯಿಸಿಕೊಂಡಿದ್ದಾಳೆ. ಕೊನೆಗೆ ಒಂದು ಪರೀಕ್ಷೆ ಮಾಡಿ: ಎಸ್ತರ್ ಅವನನ್ನು ಬಿಟ್ಟು ಹೋದರೂ ಥಾಮಸ್ ನಿಜ ಹೇಳುತ್ತಿದ್ದನೇ? ಹೌದು ಎಂದಾದರೆ ಮಾತ್ರ ಅವನು ಬದಲಾದ ಎಂದು ನಂಬಬಹುದು.

ನಿಜ ಬದುಕಿನಲ್ಲಿ ಈ ಎಳೆಗಳು ಎಷ್ಟು ಗೋಜಲಾಗಿ ಹೆಣೆದುಕೊಳ್ಳುತ್ತವೆ ಎಂಬುದಕ್ಕೆ 18ನೇ ಶತಮಾನದ ಇಂಗ್ಲಿಷ್ ನಾವಿಕ ಜಾನ್ ನ್ಯೂಟನ್‌ನ ಬಾಳನ್ನು ನೋಡಬೇಕು. 1748ರಲ್ಲಿ ಅಟ್ಲಾಂಟಿಕ್ ಸಾಗರದ ಬಿರುಗಾಳಿಯಲ್ಲಿ ಹಡಗು ಇನ್ನೇನು ಮುಳುಗುತ್ತದೆ ಎನ್ನುವಂತಾದಾಗ ಅವನು ದೇವರ ಕರುಣೆಗಾಗಿ ಕೂಗಿದ. 1750ರಲ್ಲಿ, ಬಹುಕಾಲ ಪ್ರೀತಿಸಿದ್ದ ಮೇರಿ ಕ್ಯಾಟ್ಲೆಟ್‌ಳನ್ನು ಮದುವೆಯಾದ. ಸುಲಭದ ಕಾದಂಬರಿ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಅದೇ ವರ್ಷ ಅವನು ಗುಲಾಮರನ್ನು ಸಾಗಿಸುವ ಹಡಗಿನ ಕ್ಯಾಪ್ಟನ್ ಆದ. ಭಾನುವಾರ ನಾವಿಕರಿಗೆ ಆರಾಧನೆ ನಡೆಸುತ್ತಿದ್ದ, ಹೆಂಡತಿಗೆ ಮುದ್ದಿನ ಕಾಗದ ಬರೆಯುತ್ತಿದ್ದ, ಅದೇ ಹಲಗೆಗಳ ಕೆಳಗೆ ಆಫ್ರಿಕಾದ ಜನ ಸರಪಳಿಯಲ್ಲಿದ್ದರು. 1754ರಲ್ಲಿ ಕಡಲು ಬಿಟ್ಟದ್ದು ಅನಾರೋಗ್ಯದಿಂದ, ಮನಸ್ಸಾಕ್ಷಿಯಿಂದಲ್ಲ. 1764ರಲ್ಲಿ ಪಾದ್ರಿಯಾದ. ಗುಲಾಮ ವ್ಯಾಪಾರದ ವಿರುದ್ಧ ಬಹಿರಂಗವಾಗಿ ಪುಸ್ತಿಕೆ ಬರೆದದ್ದು 1788ರಲ್ಲಿ. ಬಿರುಗಾಳಿಗೂ ಪುಸ್ತಿಕೆಗೂ ನಡುವೆ 40 ವರ್ಷ.

ಇದರಿಂದ ನಮಗೆ ಸಿಗುವುದು ಎರಡು. ಮನಸ್ಸು ತಿರುಗಿದ ರಾತ್ರಿಗೂ ಬದುಕು ತಿರುಗುವುದಕ್ಕೂ ನಡುವೆ ದೊಡ್ಡ ಅಂತರ ಇರಬಹುದು, ಆ ಅಂತರವೇ ಕಥೆಯಾಗಬಹುದು. ಇನ್ನು, ಭಕ್ತನಾದ ಮೇಲೂ ಅವನ ಸಂಸಾರ ನಡೆದದ್ದು ಬೇರೆಯವರು ತೆತ್ತ ಬೆಲೆಯಲ್ಲಿ. ಆ ಬೇರೆಯವರನ್ನು ನಾಯಕನ ಪಶ್ಚಾತ್ತಾಪಕ್ಕೆ ಹಿನ್ನೆಲೆಯಾಗಿ ಮಾತ್ರ ಬಳಸಿ ಬಿಟ್ಟುಬಿಡುವ ಕಾದಂಬರಿಗಳ ಬಗ್ಗೆ ನನಗೆ ಸಹನೆ ಕಡಿಮೆ. ಅವರಿಗೆ ಹೆಸರು ಕೊಡಿ, ಮಾತು ಕೊಡಿ, ಕ್ಷಮಿಸದೆ ಇರುವ ಹಕ್ಕನ್ನೂ ಕೊಡಿ.

ಮೈಯ ಸೆಳೆತವನ್ನು ಹೇಗೆ ಬರೆಯುವುದು

ಕ್ರೈಸ್ತ ಪ್ರಕಾಶಕರಲ್ಲಿ ಹಲವರು ಹಾಸಿಗೆಯ ದೃಶ್ಯ, ಬೈಗುಳ ಬೇಡ ಎನ್ನುತ್ತಾರೆ. ಎಲ್ಲಿಗೆ ಕಳಿಸುತ್ತೀರೋ ಅವರ ಸೂಚನೆಗಳನ್ನು ಮೊದಲೇ ಓದಿಕೊಳ್ಳಿ. ಆದರೆ ಬಾಗಿಲು ಮುಚ್ಚಬೇಕು ಎಂದರೆ ಸೆಳೆತವೇ ಇಲ್ಲದಂತೆ ಬರೆಯಬೇಕು ಎಂದಲ್ಲ. ಪ್ರೇಮಿಗಳ ಹಾಡುಗಳಿರುವ ಪರಮಗೀತವೂ ಸತ್ಯವೇದದ ಒಳಗೇ ಇದೆ. ಸೆಳೆತವಿಲ್ಲದ ಕಡೆ ಶೋಧನೆಯೂ ಇಲ್ಲ, ತಡೆದುಕೊಂಡದ್ದಕ್ಕೆ ಬೆಲೆಯೂ ಇಲ್ಲ.

ಮುಟ್ಟಲಾಗದ ಕಾಲದಲ್ಲಿ ಎಲ್ಲವೂ ವಸ್ತುಗಳ ಮೂಲಕ ನಡೆಯುತ್ತದೆ. ಕಾಗದವನ್ನೇ ತೆಗೆದುಕೊಳ್ಳಿ. ಬ್ರಿಟನ್ನಿನಲ್ಲಿ 1840ರ ಸುಧಾರಣೆಗೆ ಮುಂಚೆ ಅಂಚೆಯ ಹಣವನ್ನು ಸಾಮಾನ್ಯವಾಗಿ ಕೊಡುತ್ತಿದ್ದದ್ದು ಕಾಗದ ಪಡೆದವರು, ಅದೂ ದೂರಕ್ಕೆ ಮತ್ತು ಹಾಳೆಗಳ ಲೆಕ್ಕಕ್ಕೆ ತಕ್ಕಂತೆ. ಲಕೋಟೆ ಹಾಕಿದರೆ ಅದೂ ಒಂದು ಹಾಳೆ, ಹಾಗಾಗಿ ಕಾಗದವನ್ನೇ ಮಡಚಿ ಅರಗಿನ ಮುದ್ರೆ ಒತ್ತುತ್ತಿದ್ದರು. ಒಂದೇ ಹಾಳೆಯಲ್ಲಿ ಹೆಚ್ಚು ಹಿಡಿಸಲು ಬರೆದ ಸಾಲುಗಳ ಮೇಲೇ ಅಡ್ಡಲಾಗಿ ಮತ್ತೆ ಬರೆಯುವ ರೂಢಿಯೂ ಇತ್ತು. ಥಾಮಸ್ ಎರಡು ಹಾಳೆ ಬರೆದರೆ ಎಸ್ತರ್ ಎರಡರಷ್ಟು ಕೊಡಬೇಕು. ಅವಳು ಅಂಚೆಯವನ ಎದುರು ನಿಂತು ಕಾಗದದ ದಪ್ಪವನ್ನು ಹೆಬ್ಬೆರಳಿನಿಂದ ಅಳೆಯುತ್ತಾಳೆ, ಕೈಯಲ್ಲಿರುವ ಚಿಲ್ಲರೆ ನೋಡಿಕೊಳ್ಳುತ್ತಾಳೆ, ಬೇಡ ಎಂದು ಹಿಂದಿರುಗಿಸುತ್ತಾಳೆ, ಆಮೇಲೆ ಬೀದಿಯ ತುದಿಯ ತನಕ ಅವನ ಹಿಂದೆ ಓಡುತ್ತಾಳೆ. ತುಟಿಗೆ ತುಟಿ ತಾಕಿಸಿದ್ದರೂ ಇಷ್ಟು ಹೇಳಲಾಗುತ್ತಿರಲಿಲ್ಲ.

ಒಂದು ಎಚ್ಚರಿಕೆ. ಹೆಣ್ಣಿನ ಚೆಲುವನ್ನೇ ಶೋಧನೆ ಎಂದು ಬರೆಯುವ ಹಳೆಯ ಚಾಳಿ ಬಿಡಿ. ಆದಿಕಾಂಡದ 39ನೇ ಅಧ್ಯಾಯದಲ್ಲಿ ಚೆಲುವ ಎಂದು ಹೇಳಿರುವುದು ಯೋಸೇಫನನ್ನು. ಒಡೆಯನ ಹೆಂಡತಿ ಹಿಡಿದೆಳೆದಾಗ ಮೇಲಂಗಿ ಬಿಟ್ಟು ಓಡಿದವನಿಗೆ ಸಿಕ್ಕಿದ್ದು ಸೆರೆಮನೆ. ಸರಿಯಾದದ್ದನ್ನು ಮಾಡಿದ ಮಾತ್ರಕ್ಕೆ ಬೆಲೆ ತೆರುವುದು ತಪ್ಪುವುದಿಲ್ಲ, ಇದನ್ನೂ ನಿಮ್ಮ ಕಥೆಯಲ್ಲಿ ಒಮ್ಮೆಯಾದರೂ ತೋರಿಸಿ.

ಪಶ್ಚಾತ್ತಾಪದ ದೃಶ್ಯ, ಅದರ ಮರುದಿನ ಬೆಳಗ್ಗೆ

ಇನ್ನೊಬ್ಬನ ಹೆಂಡತಿಯನ್ನು ಕೂಡಿ ಅವಳ ಗಂಡನನ್ನು ಕೊಲ್ಲಿಸಿದ ರಾಜ ದಾವೀದನ ಬಳಿಗೆ ಪ್ರವಾದಿ ನಾತಾನ ಬಂದಾಗ ನೇರವಾಗಿ ಬೈಯಲಿಲ್ಲ. ಬಡವನ ಒಂದೇ ಒಂದು ಕುರಿಮರಿಯ ಕಥೆ ಹೇಳಿದ, ರಾಜ ಸಿಟ್ಟಿಗೆದ್ದು ತೀರ್ಪು ಕೊಟ್ಟ, ಆಗ 'ಆ ಮನುಷ್ಯ ನೀನೇ' ಎಂದ. ತಂತ್ರದ ದೃಷ್ಟಿಯಿಂದ ಇದಕ್ಕಿಂತ ಒಳ್ಳೆಯ ಪಾಠ ಬೇಡ. ನಿಮ್ಮ ನಾಯಕ ತನ್ನ ಪಾಪವನ್ನು ಮೊದಲು ಬೇರೆಯವರದಾಗಿ ಕಂಡು ರೇಗಲಿ. ಥಾಮಸ್‌ಗೆ ಅಂಥದ್ದೊಂದು ಸನ್ನಿವೇಶ ಕೊಡಿ: ಲೂಸಿ ಬೀದಿಗೆ ಬಿದ್ದದ್ದನ್ನು ಎಸ್ತರ್ ಮನೆಯಲ್ಲಿ ಹೇಳುತ್ತಾಳೆ, 'ಯಾವ ಪಾಪಿ ಇಂಥ ಕೆಲಸ ಮಾಡಿದ?' ಎಂಬ ಮಾತು ಥಾಮಸನ ಬಾಯಿಂದಲೇ ಬರುತ್ತದೆ. ಅಷ್ಟರಲ್ಲಿ ಗಂಟಲು ಕಟ್ಟುತ್ತದೆ.

ಪ್ರಾರ್ಥನೆಯ ದೃಶ್ಯ ಚಿಕ್ಕದಾಗಿರಲಿ. ಪಾತ್ರ ದೇವರಿಗೆ ಕಥಾಸಾರ ಹೇಳಬಾರದು, ಅದು ಓದುಗರಿಗೂ ದೇವರಿಗೂ ಗೊತ್ತೇ ಇದೆ. ಉತ್ತರವಾಗಿ ಆಕಾಶ ತೆರೆಯುವುದು, ಪಾರಿವಾಳ ಹಾರುವುದು ಬೇಡ. ಪಾದ್ರಿಯ ಪ್ರಸಂಗದಿಂದ ಮನಸ್ಸು ಕರಗುವುದೇ ಆದರೆ ಪ್ರಸಂಗದ ಒಂದೇ ಸಾಲು ಕೇಳಿಸಿ, ಉಳಿದದ್ದರ ಹೊತ್ತಿಗೆ ಅವನ ಗಮನ ಬೇರೆಲ್ಲೋ ಹೋಗಿರಲಿ.

ಆ ರಾತ್ರಿಗೆ ಎರಡು ಪುಟ ಸಾಕು, ಮರುದಿನಕ್ಕೆ ಐವತ್ತು ಪುಟ ಇಡಿ. ಲೂಕನ 19ನೇ ಅಧ್ಯಾಯದ ಸುಂಕದವ ಜಕ್ಕಾಯ ಯೇಸುವಿನ ಮುಂದೆ ನಿಂತು ಹೇಳಿದ್ದು ಲೆಕ್ಕವನ್ನು: ಆಸ್ತಿಯಲ್ಲಿ ಅರ್ಧ ಬಡವರಿಗೆ, ಅನ್ಯಾಯವಾಗಿ ಕಿತ್ತುಕೊಂಡದ್ದಕ್ಕೆ ನಾಲ್ಕರಷ್ಟು. ಥಾಮಸನ ಮುಂದೆಯೂ ಲೆಕ್ಕ ಇದೆ. ಹಣ ಖರ್ಚಾಗಿದೆ. ಲೂಸಿಗೆ ಹೇಳಬೇಕು, ಮ್ಯಾಜಿಸ್ಟ್ರೇಟ್ ಮುಂದೆ ಹೇಳಬೇಕು, ಹೆಂಡತಿಗೂ ಹೇಳಬೇಕು. ಯಾವ ಕ್ರಮದಲ್ಲಿ ಹೇಳುತ್ತಾನೆ ಎಂಬುದರಲ್ಲೇ ಅವನ ಮನಸ್ಸಿನ ಬಣ್ಣ ಗೊತ್ತಾಗುತ್ತದೆ. ಮೊದಲು ಹೆಂಡತಿಯ ಮಡಿಲಲ್ಲಿ ಅತ್ತು ಸಮಾಧಾನ ಮಾಡಿಸಿಕೊಂಡರೆ ಇನ್ನೂ ತನ್ನ ಬಗ್ಗೆಯೇ ಯೋಚಿಸುತ್ತಿದ್ದಾನೆ ಎಂದು ನಾನು ಓದಿಕೊಳ್ಳುತ್ತೇನೆ.

ಕ್ಷಮೆ ಸಿಕ್ಕಿತು ಎಂದರೆ ಫಲ ತಪ್ಪಿತು ಎಂದಲ್ಲ. ದಾವೀದನಿಗೆ ನಾತಾನ ಕ್ಷಮೆಯ ಮಾತು ಹೇಳಿದ, ಆದರೂ ಆ ಹೆಂಗಸಿನಲ್ಲಿ ಹುಟ್ಟಿದ ಮಗು ಉಳಿಯಲಿಲ್ಲ. ಥಾಮಸ್ ಗಲ್ಲಿಗೆ ಹೋಗಲೇಬೇಕೆಂದು ನಾನು ಹೇಳುತ್ತಿಲ್ಲ, ಆ ಕಾಲದಲ್ಲಿ ಮರಣದಂಡನೆ ಗಡೀಪಾರಿಗೆ ಇಳಿದ ಪ್ರಕರಣಗಳು ಬೇಕಾದಷ್ಟಿವೆ. ಹಡಗಿನಲ್ಲಿ ಅಮೆರಿಕದ ವಸಾಹತಿಗೆ ಸಾಗಿಸುತ್ತಿದ್ದರು. ಎಸ್ತರ್ ಮಗು ಎತ್ತಿಕೊಂಡು ಹಿಂದೆ ಹೋಗುತ್ತಾಳೋ, ಊರಲ್ಲೇ ಉಳಿದು ಲೂಸಿಯ ಸಾಲ ತೀರಿಸುತ್ತಾಳೋ? ಪ್ರೇಮ ಕಾದಂಬರಿಯ ಓದುಗರು ಕೊನೆಗೆ ಇಬ್ಬರೂ ಒಂದಾಗಲಿ ಎಂದು ಬಯಸುತ್ತಾರೆ, ಆ ಬಯಕೆಯನ್ನು ಗೌರವಿಸಿ. ಆದರೆ ಶುರುವಿನಲ್ಲಿ ಬಯಸಿದ್ದ ಬಾಡಿಗೆ ಕೋಣೆಯಲ್ಲಿ ಒಂದಾಗಬಾರದು.

ಮಾತು, ದಾಖಲೆ

ಹಳೆಯ ಕಾಲದ ಸಂಭಾಷಣೆಯನ್ನು ಕನ್ನಡದಲ್ಲಿ ಬರೆಯುವಾಗ ಗ್ರಾಂಥಿಕಕ್ಕೆ ಜಾರುವ ಅಪಾಯ ಇದೆ. 'ಓ ಪ್ರಿಯತಮೆಯೇ, ಎನ್ನ ಅಪರಾಧವನ್ನು ಮನ್ನಿಸು' ಎಂದರೆ ನಾಟಕ ಕಂಪನಿಯ ಪರದೆ ಏಳುತ್ತದೆ. ಈಗಿನ ಆಡುಮಾತನ್ನೇ ಇಟ್ಟುಕೊಳ್ಳಿ, ಈಗಿನ ಕಾಲಕ್ಕೆ ಮಾತ್ರ ಸೇರಿದ ಪದಗಳನ್ನು ತೆಗೆದುಬಿಡಿ. 'ಟೆನ್ಷನ್', 'ಸಂಬಂಧದಲ್ಲಿದ್ದೇವೆ', 'ನನ್ನ ಸ್ಪೇಸ್' ಇವು ಹೋದರೆ ಅರ್ಧ ಕೆಲಸ ಆದಂತೆ. ವಚನಗಳನ್ನು ನೀವು ಓದುವ ಸತ್ಯವೇದದ ಭಾಷಾಂತರದಂತೆಯೇ ಕೊಡಿ, ನೆನಪಿನಿಂದ ಬರೆಯಬೇಡಿ.

ಜನ ಆಗ ನಿಜಕ್ಕೂ ಹೇಗೆ ಮಾತಾಡುತ್ತಿದ್ದರು ಎಂದು ತಿಳಿಯಲು ಇತಿಹಾಸದ ಪುಸ್ತಕಕ್ಕಿಂತ ಕೋರ್ಟಿನ ದಾಖಲೆ ಮೇಲು. ಲಂಡನ್ನಿನ ಓಲ್ಡ್ ಬೇಲಿ ನ್ಯಾಯಾಲಯದ 1674ರಿಂದ 1913ರ ತನಕದ ಪ್ರಕಟಿತ ವಿಚಾರಣೆಗಳು ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ಕಳ್ಳರು, ಮನೆಗೆಲಸದವರು, ದ್ವಿಪತ್ನಿತ್ವದ ಆರೋಪಿಗಳು ಎಲ್ಲರೂ ಅಲ್ಲಿ ಬಾಯಿ ಬಿಟ್ಟಿದ್ದಾರೆ. ಡೈರಿ, ಕಾಗದ, ಪ್ರಸಂಗಗಳ ಸಂಕಲನ ಆಮೇಲೆ. ಆದರೆ ಓದಿದ್ದೆಲ್ಲವನ್ನೂ ತುರುಕಬೇಡಿ, ಪಾತ್ರಕ್ಕೆ ಆ ಗಳಿಗೆಯಲ್ಲಿ ಬೇಕಾದದ್ದು ಮಾತ್ರ ಪುಟಕ್ಕೆ ಬರಲಿ.

ತಿದ್ದುವಾಗ

ಕರಡು ಮುಗಿದ ಮೇಲೆ ಸ್ವಲ್ಪ ಕಾಲ ಬಿಟ್ಟು, ಬಣ್ಣದ ಪೆನ್ಸಿಲ್ ಹಿಡಿದು ಓದಿ. ದೇವರ ಹೆಸರು ಬರುವ ಕಡೆಯೆಲ್ಲ ಗುರುತು ಹಾಕಿ. ಆ ಸಾಲನ್ನು ತೆಗೆದರೆ ಕಥೆ ಬದಲಾಗುವುದಿಲ್ಲ ಎಂದಾದರೆ ಅದು ಅಲಂಕಾರ, ತೆಗೆದುಬಿಡಿ. ಆಮೇಲೆ ಪ್ರತಿ ಪಾತ್ರದ ಹೆಸರು ಬರೆದು, ಕೊನೆಯ ಪುಟದ ಹೊತ್ತಿಗೆ ಅವರು ಏನು ಕಳೆದುಕೊಂಡರು ಎಂದು ಎದುರಿಗೆ ಬರೆಯಿರಿ. ನಾಯಕನ ಎದುರು ಖಾಲಿ ಇದ್ದು ಲೂಸಿಯ ಎದುರು ತುಂಬಿದ್ದರೆ ಮತ್ತೆ ಮೇಜಿನ ಮುಂದೆ ಕೂರಬೇಕು.

ಓದಿಸುವುದಾದರೆ ಒಬ್ಬರು ನೀವು ಬರೆದ ಸಭೆಯಲ್ಲೇ ಬೆಳೆದವರಿರಲಿ, ಇನ್ನೊಬ್ಬರು ಚರ್ಚಿನ ಮೆಟ್ಟಿಲನ್ನೇ ಹತ್ತದವರಿರಲಿ. ಮೊದಲನೆಯವರು ಆರಾಧನೆಯ ಕ್ರಮ, ಪಾದ್ರಿಯನ್ನು ಕರೆಯುವ ರೀತಿ, ಹಬ್ಬದ ದಿನದ ತಪ್ಪುಗಳನ್ನು ಹಿಡಿಯುತ್ತಾರೆ. ಎರಡನೆಯವರನ್ನು ಒಂದೇ ಕೇಳಿ: ಯಾವ ಪುಟದಲ್ಲಿ ನಿಮಗೆ ಉಪದೇಶ ಕೇಳಿದಂತಾಯಿತು? ಅವರು ಪುಟದ ಸಂಖ್ಯೆ ಹೇಳಿದರೆ ವಾದಕ್ಕಿಳಿಯದೆ ಗುರುತು ಹಾಕಿಕೊಳ್ಳಿ. ಪುಸ್ತಕದ ಕೊನೆಗೆ ಒಂದು ಪುಟದ ಟಿಪ್ಪಣಿ ಸೇರಿಸಿ, ಯಾವ ಘಟನೆ ನಡೆದದ್ದು, ಯಾವುದು ನಿಮ್ಮ ಕಲ್ಪನೆ, ಕಥೆಯ ಅನುಕೂಲಕ್ಕೆ ಯಾವ ತಾರೀಖನ್ನು ಹಿಂದೆ ಮುಂದೆ ಮಾಡಿದ್ದೀರಿ ಎಂದು ತಿಳಿಸಿ.